ಭೀಮಾ ಬೇಸಿನ್‌ನ ಶಿಲಾಪದರಗಳು: ಗುರುತಿಸುವುದು, ನಕ್ಷೆಗಿಳಿಸುವುದು, ಹೆಸರಿಡುವುದು

ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹಲವು ತಾಲ್ಲೂಕುಗಳಲ್ಲೂ ಗಡಿಯಾಚೆ ತೆಲಂಗಾಣದ ತಾಂಡೂರಿನ ಸುತ್ತಲೂ ಹಾಸಿಕೊಂಡಿರುವ ಪದರು ಶಿಲೆಗಳ ಸಮೂಹಕ್ಕೆ ಭೂವಿಜ್ಞಾನಿಗಳು ಭೀಮಾ ಗ್ರೂಪ್ ಎನ್ನುತ್ತಾರೆ. ಈ ಶಿಲೆಗಳು ಶೇಖರಗೊಂಡ ಪ್ರಾಚೀನ ತಗ್ಗೇ ಭೀಮಾ ಬೇಸಿನ್. ಅದನ್ನು ಭೀಮಾ ನದಿಯ ಜಲಾನಯನ ಪ್ರದೇಶದೊಂದಿಗೆ ಬೆರೆಸಿಕೊಳ್ಳಬಾರದು. ನದಿ ನಿನ್ನೆ ಮೊನ್ನೆಯದು, ಬೇಸಿನ್ ಪ್ರೊಟೆರೊಜೊಯಿಕ್ ಯುಗದ್ದು (ಸುಮಾರು 250 ಕೋಟಿಯಿಂದ 54 ಕೋಟಿ ವರ್ಷಗಳ ಹಿಂದಿನ ಅವಧಿ). ವಿಸ್ತೀರ್ಣ 5,000 ಚದರ ಕಿಲೋಮೀಟರಿಗೆ ತುಸು ಹೆಚ್ಚು, ಪದರಗಳ ಒಟ್ಟು ದಪ್ಪ ಸುಮಾರು 300 ಮೀಟರ್ ಮಾತ್ರ. ದಕ್ಷಿಣದಲ್ಲಿ ಅವು ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲೆ ಕುಳಿತಿವೆ. ಉತ್ತರದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಟ್ರ್ಯಾಪ್ ಬಸಾಲ್ಟಿನಡಿ ಮರೆಯಾಗುತ್ತವೆ.

ಪದರಗಳು ಹೆಚ್ಚು ಮಡಿಚಿಲ್ಲ, ಕಾದು ರೂಪಾಂತರವಾಗಿಲ್ಲ, ಗಣಿಗಳು ತೆರೆದಿವೆ, ರಸ್ತೆ ಸೌಕರ್ಯವಿದೆ. ಆದ್ದರಿಂದ ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಶಿಲಾಸ್ತರಗಳನ್ನು ನಕ್ಷೆ ಮಾಡಲು ಕಲಿಯುವುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಅನುಕೂಲದ ಜಾಗ ಕಡಿಮೆ. ಆದರೆ ಈ ಸರಳತೆಯೇ ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ಪುಸ್ತಕದಲ್ಲಿರುವ ಹೆಸರುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಹೊಲಕ್ಕಿಳಿದವರು ಕಂಡ ಪ್ರತಿಯೊಂದು ಸುಣ್ಣದಕಲ್ಲಿಗೂ ‘ಶಹಾಬಾದ್’ ಎಂದು ಬರೆದು ಮುಂದೆ ಸಾಗುತ್ತಾರೆ. ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು: ಕಲ್ಲನ್ನು ನೋಡಿ ವಿವರಿಸುವುದು ಮೊದಲು, ಗಡಿ ಎಳೆಯುವುದು ಆಮೇಲೆ, ಹೆಸರು ಎಲ್ಲಕ್ಕಿಂತ ಕೊನೆಗೆ.

ಹೊರಡುವ ಮುನ್ನ

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಗಳು ಬುನಾದಿ. ಹಳೆಯ ಸಂಖ್ಯಾಕ್ರಮದಲ್ಲಿ ಕಲಬುರಗಿ 56 ಸಿ, ಶಹಾಪುರ 56 ಡಿ, ಸೇಡಂ 56 ಜಿ, ಯಾದಗಿರಿ 56 ಎಚ್ ಹಾಳೆಗಳಿಗೆ ಸೇರುತ್ತವೆ. ಪ್ರತಿ ಹಾಳೆಯೂ ಹದಿನಾರು ಚಿಕ್ಕ ಹಾಳೆಗಳಾಗಿ ಒಡೆದಿರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ಈಗಾಗಲೇ ಮಾಡಿದ ಭೂವೈಜ್ಞಾನಿಕ ನಕ್ಷೆ ಸಿಗುತ್ತದೆ. ಅದನ್ನು ಇಳಿಸಿಕೊಳ್ಳಿ, ಆದರೆ ಹೊಲದ ಕೆಲಸ ಅರ್ಧಕ್ಕೆ ಬರುವವರೆಗೆ ಪದೇಪದೇ ತೆರೆದು ನೋಡಬೇಡಿ. ಕಣ್ಣು ಬಹಳ ಬೇಗ ನಕ್ಷೆಯ ಮಾತನ್ನೇ ಕೇಳಲು ಕಲಿಯುತ್ತದೆ. ಉಪಗ್ರಹ ಚಿತ್ರಗಳನ್ನು ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಳಾಕೃತಿ ನಕ್ಷೆಯ ಮೇಲೆ ಹೊಂದಿಸಿಕೊಂಡರೆ ಗಣಿಗಳು, ಹಳ್ಳದ ದಂಡೆಗಳು, ಬರಿ ಬಂಡೆಯ ಜಾಗಗಳು ಎಲ್ಲಿವೆ ಎಂಬುದು ಮನೆಯಲ್ಲೇ ತಿಳಿಯುತ್ತದೆ.

ಸಲಕರಣೆಗಳ ಪಟ್ಟಿ ದೊಡ್ಡದಲ್ಲ. ಸುತ್ತಿಗೆ, ಹತ್ತುಪಟ್ಟು ಹಿಗ್ಗಿಸುವ ಕೈಮಸೂರ, ದಿಕ್ಕನ್ನೂ ವಾಲನ್ನೂ ಅಳೆಯುವ ಬ್ರಂಟನ್ ದಿಕ್ಸೂಚಿ, ಜಿಪಿಎಸ್, ಅಳತೆಪಟ್ಟಿ, ಒಂದೂವರೆ ಮೀಟರಿನ ಗುರುತು ಹಾಕಿದ ಕೋಲು, ಸಣ್ಣ ಬಾಟಲಿಯಲ್ಲಿ ಶೇಕಡ 10ರ ಹೈಡ್ರೋಕ್ಲೋರಿಕ್ ಆಮ್ಲ, ಗಟ್ಟಿ ರಟ್ಟಿನ ನೋಟ್‌ಪುಸ್ತಕ ಇದ್ದರೆ ಸಾಕು. ಕಾಲವನ್ನು ಆರಿಸಿಕೊಳ್ಳುವುದು ಸಲಕರಣೆಗಿಂತ ಮುಖ್ಯ. ಇದು ತೊಗರಿಯ ನಾಡು. ಬೆಳೆ ಎದೆಯೆತ್ತರಕ್ಕೆ ನಿಂತಿರುವಾಗ ಹೊಲದಲ್ಲಿ ನೆಲವೇ ಕಾಣುವುದಿಲ್ಲ, ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ. ತೊಗರಿ ಕೊಯ್ಲಾದ ಮೇಲಿನ ಜನವರಿ, ಫೆಬ್ರವರಿ ತಿಂಗಳುಗಳೇ ಹದವಾದ ಸಮಯ. ಗಣಿಗೆ ಇಳಿಯುವ ಮುನ್ನ ಮಾಲೀಕರ ಒಪ್ಪಿಗೆಯನ್ನೂ ಸಿಡಿಮದ್ದು ಸಿಡಿಸುವ ವೇಳೆಯನ್ನೂ ಕೇಳಿಕೊಳ್ಳಬೇಕು.

ಮೊದಲ ಸುತ್ತು: ಅಡ್ಡ ಹಾಯುವುದು

ಎರಡನೆಯ ದಿನದಿಂದಲೇ ಗಡಿರೇಖೆ ಎಳೆಯಲು ಕೂರಬೇಡಿ. ಮೊದಲು ದಕ್ಷಿಣದ ಗ್ರಾನೈಟಿನಿಂದ ಆರಂಭಿಸಿ ಉತ್ತರದ ಬಸಾಲ್ಟಿನವರೆಗೆ, ಪದರಗಳಿಗೆ ಅಡ್ಡಲಾಗಿ, ಕೆಲವು ದಾರಿಗಳನ್ನು ಆರಿಸಿಕೊಂಡು ನಡೆಯಿರಿ. ಕಾಗಿಣಾ ನದಿಯ ದಂಡೆ, ಹಳ್ಳಗಳ ಕೊರಕಲು, ರೈಲುಮಾರ್ಗದ ಕಡಿತ, ಗಣಿಯ ಗೋಡೆ, ಹೊಸದಾಗಿ ತೋಡಿದ ಬಾವಿ ಇವೆಲ್ಲ ಒಳಗನ್ನು ತೋರಿಸುವ ಜಾಗಗಳು. ಮಳಖೇಡದ ರಾಷ್ಟ್ರಕೂಟರ ಕೋಟೆಯ ಗೋಡೆ ನೋಡಲು ಸೊಗಸು, ಅಲ್ಲಿನ ಕಲ್ಲು ಇದೇ ಸೀಮೆಯ ಸುಣ್ಣದಕಲ್ಲು; ಆದರೆ ಅದು ಹೊತ್ತು ತಂದು ಕಟ್ಟಿದ ಕಲ್ಲು, ನಿಮ್ಮ ನಕ್ಷೆಗೆ ಸಾಕ್ಷಿಯಲ್ಲ. ಈ ಎಚ್ಚರ ಕೋಟೆಗೆ ಮಾತ್ರವಲ್ಲ. ಇಲ್ಲಿ ಮನೆಯ ನೆಲ, ಚಾವಣಿ, ಅಂಗಳ, ದನದ ಕೊಟ್ಟಿಗೆ, ಹೊಲದ ಬದು ಎಲ್ಲಕ್ಕೂ ಫರಸಿಯೇ, ಅಂದರೆ ಈ ಸುಣ್ಣದಕಲ್ಲಿನ ಚಪ್ಪಡಿಯೇ. ಸಡಿಲ ಬಿದ್ದಿರುವ ಚಪ್ಪಡಿಯನ್ನು ನೆಲದಲ್ಲಿ ಬೇರೂರಿದ ಬಂಡೆಯೆಂದು ತಿಳಿದು ಗುರುತು ಹಾಕಿದರೆ ಸುಣ್ಣದಕಲ್ಲಿನ ಗಡಿ ಕಿಲೋಮೀಟರುಗಟ್ಟಲೆ ಆಚೆ ಹೋಗಿಬಿಡುತ್ತದೆ. ಚಪ್ಪಡಿಯ ಅಂಚು ನೆಲದೊಳಕ್ಕೆ ಮುಂದುವರಿದಿದೆಯೇ, ಪಕ್ಕದ ಬಿರುಕುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿವೆಯೇ ಎಂದು ನೋಡಿ. ಅನುಮಾನವಿದ್ದರೆ ಬಿಟ್ಟುಬಿಡಿ.

ಬಂಡೆ ಕಾಣದ ಸಮತಟ್ಟು ಎರೆ ಹೊಲಗಳಲ್ಲಿ ತೆರೆದ ಬಾವಿಗಳ ಸುತ್ತ ಹಾಕಿರುವ ಮಣ್ಣುಕಲ್ಲಿನ ಗುಡ್ಡೆಗಳು ಬಹಳ ಉಪಯೋಗಕ್ಕೆ ಬರುತ್ತವೆ. ಬಾವಿ ತೋಡುವಾಗ ಮೇಲಿನದು ಮೊದಲು ಹೊರಬಂದು ಗುಡ್ಡೆಯ ಅಡಿಗೆ ಬಿದ್ದಿರುತ್ತದೆ, ಆಳದ್ದು ಮೇಲಿರುತ್ತದೆ. ತೋಡಿಸಿದ ರೈತರನ್ನು ಕೇಳಿದರೆ ಎಷ್ಟು ಗಜಕ್ಕೆ ಫರಸಿ ಹತ್ತಿತು, ಅದರ ಕೆಳಗೆ ಕೆಂಪು ಮಣ್ಣುಗಲ್ಲು ಬಂತೇ ಎಂಬುದನ್ನು ನಿಖರವಾಗಿಯೇ ಹೇಳುತ್ತಾರೆ. ಕೊಳವೆಬಾವಿಯ ಪುಡಿ ಇಷ್ಟು ಭರವಸೆಯದಲ್ಲ, ಬೇರೆ ಬೇರೆ ಆಳದ್ದು ಬೆರೆತಿರುತ್ತದೆ.

ಒಂದು ಎಚ್ಚರಿಕೆ ಬಣ್ಣದ ಬಗ್ಗೆ. ಕಪ್ಪು ಮಣ್ಣು ಕಂಡಲ್ಲೆಲ್ಲ ಬಸಾಲ್ಟ್ ಎಂದು ಬರೆಯುವ ಅಭ್ಯಾಸ ಈ ಭಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಸುಣ್ಣದಕಲ್ಲಿನ ಮೇಲೂ ಕಪ್ಪು ಮಣ್ಣು ಕೂತಿರುತ್ತದೆ.

ಕಲ್ಲನ್ನು ಓದುವುದು

ಪ್ರತಿ ನಿಲುಗಡೆಯಲ್ಲೂ ಸುತ್ತಿಗೆಯಿಂದ ತಾಜಾ ಮುಖ ಒಡೆಯಬೇಕು. ಆಮ್ಲವನ್ನು ಹೊರಮೈಗೆ ಬಿಟ್ಟು ನೊರೆ ಬಂತೆಂದು ‘ಸುಣ್ಣದಕಲ್ಲು’ ಎಂದು ಬರೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಒಣಸೀಮೆಯ ಮಣ್ಣಿನಲ್ಲಿ ಹುಟ್ಟುವ ಸುಣ್ಣದ ಹರಳು ಶೇಲ್ ಎಂಬ ಜೇಡಿಗಲ್ಲಿನ ಮೇಲೂ ಬಸಾಲ್ಟಿನ ಬಿರುಕಿನಲ್ಲೂ ಲೇಪವಾಗಿ ಅಂಟಿಕೊಂಡಿರುತ್ತದೆ, ಆಮ್ಲ ತಾಕಿದರೆ ಅದೂ ಭುಸುಗುಟ್ಟುತ್ತದೆ. ತಾಜಾ ಮುಖದಲ್ಲಿ ಜೋರಾಗಿ ನೊರೆ ಬಂದರೆ ಸುಣ್ಣದಕಲ್ಲು. ಹಾಗೆಯೇ ಬಿಟ್ಟರೆ ಸುಮ್ಮನಿದ್ದು, ಚಾಕುವಿನಿಂದ ಕೆರೆದ ಪುಡಿಯ ಮೇಲೆ ಮಾತ್ರ ನಿಧಾನಕ್ಕೆ ನೊರೆ ಬಂದರೆ ಡಾಲಮೈಟ್, ಅಂದರೆ ಮೆಗ್ನೀಸಿಯಂ ಬೆರೆತ ಕಾರ್ಬೊನೇಟ್ ಕಲ್ಲು.

ಮರಳು, ಹೂಳು, ಜೇಡಿಗಳ ನಡುವಿನ ವ್ಯತ್ಯಾಸ ಕಣಗಾತ್ರದ್ದು. 2 ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗೆ ಮರಳು. ಅದಕ್ಕಿಂತ ಸಣ್ಣದು ಹೂಳು ಅಥವಾ ಜೇಡಿ. ಮಸೂರದಲ್ಲೂ ಕಣ ಕಾಣದಿದ್ದರೆ ಒಂದು ಚೂರನ್ನು ಮುಂಬಲ್ಲಿನಲ್ಲಿ ಮೆಲ್ಲಗೆ ಕಡಿದು ನೋಡುವುದು ಹಳೆಯ ಪದ್ಧತಿ. ಕರಕರ ಎಂದರೆ ಹೂಳುಗಲ್ಲು, ನುಣ್ಣಗೆ ಜಾರಿದರೆ ಶೇಲ್. 2 ಮಿಲಿಮೀಟರಿಗಿಂತ ದೊಡ್ಡ ಉರುಟು ಕಲ್ಲುಗಳು ಕಲೆತು ಗಟ್ಟಿಯಾಗಿದ್ದರೆ ಕಾಂಗ್ಲೊಮರೇಟ್. ಅದರಲ್ಲಿ ಯಾವ ಶಿಲೆಯ ಉಂಡೆಗಳಿವೆ ಎಂಬುದನ್ನು ತಪ್ಪದೆ ಎಣಿಸಿ ಬರೆಯಬೇಕು, ಏಕೆಂದರೆ ಅದಕ್ಕಿಂತ ಮುಂಚೆ ಯಾವ ಶಿಲೆ ಸವೆಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಗಣಿಯ ಗೋಡೆಯನ್ನು ದಾಖಲಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಶಹಾಬಾದ್ ಅಥವಾ ವಾಡಿಯ ಬಳಿಯ ಒಂದು ಫರಸಿ ಗಣಿಯಲ್ಲಿ ನಿಂತು ನೋಡಿದರೆ ಗೋಡೆ ಜೋಡಿಸಿಟ್ಟ ಕಾಗದದ ಕಟ್ಟಿನಂತೆ ಕಾಣುತ್ತದೆ. ಚಪ್ಪಡಿಗಳ ನಡುವೆ ಉಗುರಿನಷ್ಟು ದಪ್ಪದ ಜೇಡಿಯ ಪೊರೆ. ಕೆಲಸಗಾರರು ಉಳಿ ಇಟ್ಟು ಎಬ್ಬಿಸುವುದು ಆ ಪೊರೆಯ ಗುಂಟವೇ. ಅಳತೆಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಮಾಡಬೇಕು, ಪದರಗಳು ಶೇಖರವಾದದ್ದೂ ಅದೇ ಕ್ರಮದಲ್ಲಿ. ಒಂದೊಂದು ಚಪ್ಪಡಿಯನ್ನೂ ಅಳೆಯುವ ಅಗತ್ಯವಿಲ್ಲ. ದಪ್ಪ, ಬಣ್ಣ ಅಥವಾ ಜೇಡಿಯ ಪ್ರಮಾಣ ಗಮನಕ್ಕೆ ಬರುವಂತೆ ಬದಲಾದಲ್ಲಿ ಹೊಸ ಘಟಕ ಆರಂಭಿಸಿ. ಪ್ರತಿ ಘಟಕಕ್ಕೂ ದಪ್ಪ, ಒಡೆದ ಮುಖದ ಬಣ್ಣ, ಮಾಸಿದ ಮುಖದ ಬಣ್ಣ, ಕಣ, ಪದರದ ದಪ್ಪ, ಒಳರಚನೆ, ಮೇಲಿನ ಗಡಿ ಥಟ್ಟನೆ ಬದಲಾಗುತ್ತದೆಯೇ ನಿಧಾನವಾಗಿಯೇ ಎಂಬುದನ್ನು ಬರೆಯಿರಿ. ಸುಣ್ಣದಕಲ್ಲಿನಲ್ಲಿ ಗರಗಸದ ಹಲ್ಲಿನಂತೆ ಓಡುವ ಕಪ್ಪು ಗೆರೆಗಳು ಪದರದ ಗಡಿಗಳಲ್ಲ. ಒತ್ತಡಕ್ಕೆ ಕಲ್ಲು ಕರಗಿ ಉಳಿದ ಜೇಡಿಯ ಗುರುತುಗಳು, ಅವಕ್ಕೆ ಸ್ಟೈಲೊಲೈಟ್ ಎಂದು ಹೆಸರು. ಅವನ್ನು ಪದರವೆಂದು ಎಣಿಸಿದರೆ ದಾಖಲೆಯೇ ಕೆಡುತ್ತದೆ.

ನೋಟ್‌ಪುಸ್ತಕದ ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಊಹಿಸಿದ್ದು ಎಂದು ಬೇರ್ಪಡಿಸಿ. ‘ಬೂದುನೀಲಿ, ತೆಳುಪದರದ ಸುಣ್ಣದಕಲ್ಲು’ ಎಡಕ್ಕೆ. ‘ಬಹುಶಃ ಶಹಾಬಾದ್, ಶಾಂತವಾದ ಆಳವಿಲ್ಲದ ಸಮುದ್ರ’ ಬಲಕ್ಕೆ. ಮುಂದೆ ಅಭಿಪ್ರಾಯ ಬದಲಾದಾಗ ಎಡಪುಟ ಹಾಗೆಯೇ ಉಳಿಯುತ್ತದೆ.

ವಾಲನ್ನು ಅಳೆಯುವುದು

ಪದರ ಯಾವ ದಿಕ್ಕಿಗೆ ಎಷ್ಟು ಡಿಗ್ರಿ ವಾಲಿದೆ ಎಂಬುದಕ್ಕೆ ಡಿಪ್ ಎಂದೂ, ಅದಕ್ಕೆ ಲಂಬವಾಗಿ ಪದರದ ಮೇಲೆ ಎಳೆದ ಸಮತಲ ರೇಖೆಯ ದಿಕ್ಕಿಗೆ ಸ್ಟ್ರೈಕ್ ಎಂದೂ ಹೇಳುತ್ತಾರೆ. ಭೀಮಾ ಬೇಸಿನ್‌ನಲ್ಲಿ ಸ್ತರಭಂಗಗಳ, ಅಂದರೆ ಶಿಲೆ ಬಿರಿದು ಎರಡು ಬದಿಗಳು ಸರಿದ ಜಾಗಗಳ, ಹತ್ತಿರ ಬಿಟ್ಟರೆ ಡಿಪ್ ಬಹಳ ಕಡಿಮೆ; ಎಷ್ಟೋ ಕಡೆ ದಿಕ್ಸೂಚಿಯನ್ನು ಚಪ್ಪಡಿಯ ಮೇಲಿಟ್ಟು ಓದಿದರೆ ಪದರದ ನಿಜವಾದ ವಾಲಿಗಿಂತ ಚಪ್ಪಡಿಯ ಉಬ್ಬುತಗ್ಗೇ ಸಿಗುತ್ತದೆ. ಇಂಥಲ್ಲಿ ಮೂರು ಬಿಂದುಗಳ ವಿಧಾನ ಹೆಚ್ಚು ನಂಬಿಕೆಗೆ ಅರ್ಹ.

ಸುಣ್ಣದಕಲ್ಲು ಮತ್ತು ಅದರ ಕೆಳಗಿನ ಶೇಲ್‌ನ ಗಡಿ ಅ, ಆ, ಇ ಎಂಬ ಮೂರು ಬಾವಿಗಳಲ್ಲಿ ಸಮುದ್ರಮಟ್ಟದಿಂದ ಕ್ರಮವಾಗಿ 430, 410, 400 ಮೀಟರ್ ಎತ್ತರದಲ್ಲಿ ಸಿಕ್ಕಿದೆ ಎಂದುಕೊಳ್ಳಿ. ಅ ಮತ್ತು ಇ ನಡುವಿನ ದೂರ 1.5 ಕಿಲೋಮೀಟರ್, ಇಳಿಕೆ 30 ಮೀಟರ್. ಹಾಗಾದರೆ ಈ ಎರಡು ಬಾವಿಗಳನ್ನು ಸೇರಿಸುವ ರೇಖೆಯ ಮೇಲೆ ಅ ಬಾವಿಯಿಂದ 1 ಕಿಲೋಮೀಟರ್ ದೂರದಲ್ಲಿ ಗಡಿ 410 ಮೀಟರ್ ಎತ್ತರದಲ್ಲಿರಬೇಕು. ಈ ಬಿಂದುವನ್ನು ‘ಆ’ ಎಂಬ ಬಾವಿಗೆ ಸೇರಿಸಿ ಎಳೆದ ಗೆರೆಯೇ ಸ್ಟ್ರೈಕ್. ಈ ಗೆರೆಗೆ ಅ ಬಾವಿಯಿಂದ ಲಂಬವಾಗಿ ಅಳೆದ ದೂರ 800 ಮೀಟರ್ ಎಂದಾದರೆ, 800ಕ್ಕೆ 20 ಮೀಟರ್ ಇಳಿಕೆ. ಅಂದರೆ ಡಿಪ್ ಸುಮಾರು 1.4 ಡಿಗ್ರಿ. ಇಷ್ಟು ಸಣ್ಣ ಕೋನವನ್ನು ಕೈಯಲ್ಲಿ ಹಿಡಿದ ದಿಕ್ಸೂಚಿಯಿಂದ ಖಚಿತವಾಗಿ ಓದಲಾಗದು. ಎತ್ತರಕ್ಕೆ ಮೊಬೈಲಿನ ಜಿಪಿಎಸ್ ಅನ್ನು ನೆಚ್ಚಬೇಡಿ, ಅದರ ದೋಷವೇ ಹತ್ತು ಮೀಟರ್ ಮೀರಬಹುದು. ಲೆವೆಲಿಂಗ್ ಉಪಕರಣ ಅಥವಾ ಡಿಫರೆನ್ಷಿಯಲ್ ಜಿಪಿಎಸ್ ಬಳಸಿ.

ಡಿಪ್ ಗೊತ್ತಾದರೆ ದಪ್ಪ ತಾನೇ ಸಿಗುತ್ತದೆ. ಸಮತಟ್ಟು ನೆಲದಲ್ಲಿ ಸ್ಟ್ರೈಕಿಗೆ ಅಡ್ಡಲಾಗಿ ಅಳೆದ ಅಗಲವನ್ನು ಡಿಪ್ ಕೋನದ ಸೈನ್‌ನಿಂದ ಗುಣಿಸಬೇಕು. 400 ಮೀಟರ್ ಅಗಲ, 3 ಡಿಗ್ರಿ ಡಿಪ್ ಇದ್ದರೆ ದಪ್ಪ ಸುಮಾರು 21 ಮೀಟರ್. ಡಿಪ್ 2 ಡಿಗ್ರಿ ಎಂದುಕೊಂಡಿದ್ದರೆ ಅದೇ ದಪ್ಪ 14 ಮೀಟರಿಗೆ ಇಳಿಯುತ್ತದೆ. ಒಂದು ಡಿಗ್ರಿಯ ತಪ್ಪಿಗೆ ಮೂರನೇ ಒಂದು ಭಾಗ ಹೋಯಿತು. ಸಮತಟ್ಟಾದ ಬೇಸಿನ್‌ಗಳಲ್ಲಿ ಬೇರೆ ಬೇರೆ ವರದಿಗಳ ದಪ್ಪದ ಅಂಕಿಗಳು ಹೊಂದದಿರುವುದಕ್ಕೆ ಇದೂ ಒಂದು ಕಾರಣವೆಂದೇ ನನ್ನ ಅಂದಾಜು.

ಗಡಿ ಎಳೆಯುವುದು

ಈಗ ನಕ್ಷೆ. ಗಡಿಯನ್ನು ಅದರ ಗುಂಟವೇ ನಡೆದು ಎಳೆಯುವುದು ಉತ್ತಮ. ಕಣ್ಣಾರೆ ಕಂಡ ಗಡಿಗೆ ಅಖಂಡ ಗೆರೆ, ಅಂದಾಜಿನದಕ್ಕೆ ತುಂಡು ಗೆರೆ, ಮಣ್ಣಿನಡಿ ಮುಚ್ಚಿದ್ದಕ್ಕೆ ಚುಕ್ಕಿ ಗೆರೆ. ಇಡೀ ನಕ್ಷೆಯಲ್ಲಿ ಅಖಂಡ ಗೆರೆಯೇ ತುಂಬಿದ್ದರೆ ಅನುಭವಿ ಪರೀಕ್ಷಕರು ಮೊದಲು ಅನುಮಾನಿಸುವುದು ಅದನ್ನೇ. ಪದರ ಬಹುತೇಕ ಸಮತಲವಾಗಿರುವುದರಿಂದ ಗಡಿಗಳು ಸಮೋನ್ನತ ರೇಖೆಗಳನ್ನು ಹೆಚ್ಚುಕಡಿಮೆ ಅನುಸರಿಸಬೇಕು. ಹಳ್ಳದ ಎರಡೂ ದಂಡೆಗಳಲ್ಲಿ ಒಂದೇ ಗಡಿ ಬೇರೆ ಬೇರೆ ಎತ್ತರದಲ್ಲಿ ಕಂಡರೆ ಒಂದೋ ವಾಲಿನ ಲೆಕ್ಕ ತಪ್ಪಿದೆ, ಇಲ್ಲವೇ ನಡುವೆ ಸ್ತರಭಂಗವಿದೆ.

ಗ್ರಾನೈಟಿನ ಮೇಲೆ ಪದರು ಶಿಲೆ ಕೂತಿರುವ ತಳದ ಗಡಿಗೆ ಹೆಚ್ಚು ಸಮಯ ಕೊಡಿ. ಗ್ರಾನೈಟ್ ತಣ್ಣಗಾಗಿ, ಮೇಲೆದ್ದು, ಸವೆದು, ಆ ಸವೆದ ಮೈಯ ಮೇಲೆ ಜಲ್ಲಿ ಮತ್ತು ಮರಳು ಬಿದ್ದ ನಡುವಿನ ಅವಧಿ ನೂರು ಕೋಟಿ ವರ್ಷಕ್ಕೂ ಹೆಚ್ಚಿನದು. ಅದು ನಿಜವಾದ ಶೇಖರಣೆಯ ಗಡಿಯೋ ಅಥವಾ ಸ್ತರಭಂಗ ತಂದು ಕೂಡಿಸಿದ್ದೋ ಎಂಬುದನ್ನು ತೀರ್ಮಾನಿಸಲು ಗಡಿಯ ಮೇಲಿನ ಪದರದಲ್ಲಿ ಗ್ರಾನೈಟಿನ ಚೂರು, ಫೆಲ್ಡ್‌ಸ್ಪಾರ್ ಕಣ ಇವೆಯೇ ನೋಡಬೇಕು. ಇದ್ದರೆ ಶೇಖರಣೆಯದು. ಅದರ ಬದಲು ಎರಡೂ ಕಲ್ಲು ನುಚ್ಚುನೂರಾಗಿ, ಮೈ ಉಜ್ಜಿದಂತೆ ಹೊಳೆಯುತ್ತಿದ್ದರೆ ಸ್ತರಭಂಗ. ಶಹಾಪುರ ತಾಲ್ಲೂಕಿನ ಗೋಗಿ ಮತ್ತು ಕುರ್ಲಗೆರೆ ಬಳಿ ಬೇಸಿನ್‌ನ ಅಂಚು ಇಂಥ ದೊಡ್ಡ ಸ್ತರಭಂಗ. ಗೋಗಿಯ ಯುರೇನಿಯಂ ನಿಕ್ಷೇಪ ಇರುವುದು ಅದರ ಗುಂಟ ನುಚ್ಚಾದ ಸುಣ್ಣದಕಲ್ಲು ಮತ್ತು ಗ್ರಾನೈಟಿನಲ್ಲೇ. ಗಡಿಯ ಸ್ವರೂಪ ತಪ್ಪಾಗಿ ಓದಿದರೆ ಅದಿರನ್ನು ಹುಡುಕುವ ಜಾಗವೂ ತಪ್ಪುತ್ತದೆ.

ಘಟಕಗಳಾಗಿ ವಿಂಗಡಿಸುವುದು

ಶಿಲಾಸ್ತರಗಳ ಶ್ರೇಣಿಯಲ್ಲಿ ಮೂಲ ಘಟಕ ಫಾರ್ಮೇಶನ್. ಅದರ ಒಳಗೆ ಮೆಂಬರ್, ಮೆಂಬರಿನೊಳಗೆ ಬೆಡ್. ಫಾರ್ಮೇಶನ್‌ಗಳು ಸೇರಿ ಗ್ರೂಪ್, ಗ್ರೂಪ್‌ಗಳು ಸೇರಿ ಸೂಪರ್‌ಗ್ರೂಪ್. ಫಾರ್ಮೇಶನ್ ಎನಿಸಿಕೊಳ್ಳಲು ಎರಡೇ ಯೋಗ್ಯತೆ: ಶಿಲೆಯ ಗುಣದಿಂದ ಅಕ್ಕಪಕ್ಕದ್ದರಿಂದ ಬೇರೆಯಾಗಿ ಕಾಣಬೇಕು, ನಕ್ಷೆಯ ಮೇಲೆ ಗುರುತಿಸುವಷ್ಟು ಹರವಿರಬೇಕು. ದಪ್ಪಕ್ಕೆ ಮಿತಿಯಿಲ್ಲ. ವಯಸ್ಸಿಗೂ ಇಲ್ಲಿ ಪಾತ್ರವಿಲ್ಲ. ಭೀಮಾ ಶಿಲೆಗಳಲ್ಲಿ ಚಿಪ್ಪಿನ ಪಳೆಯುಳಿಕೆಗಳಿಲ್ಲ. ಅವನ್ನು ಬಹುಕಾಲ ನಿಯೋಪ್ರೊಟೆರೊಜೊಯಿಕ್ (ಪ್ರೊಟೆರೊಜೊಯಿಕ್ ಯುಗದ ಕೊನೆಯ ಭಾಗ) ಎಂದು ತಿಳಿಯಲಾಗಿತ್ತು, ಇನ್ನೂ ಹಿಂದಿನವೆನ್ನುವ ವಾದಗಳೂ ಇವೆ. ಹೆಸರುಗಳು ವಯಸ್ಸನ್ನು ಆಧರಿಸಿದ್ದರೆ ಈ ಚರ್ಚೆಯ ಜೊತೆಗೆ ನಕ್ಷೆಯನ್ನೂ ಅಳಿಸಿ ಬರೆಯಬೇಕಾಗುತ್ತಿತ್ತು.

ಬಳಕೆಯಲ್ಲಿರುವ ಒಂದು ವರ್ಗೀಕರಣದಂತೆ ಕೆಳಗಿನಿಂದ ಮೇಲಕ್ಕೆ ಐದು ಫಾರ್ಮೇಶನ್‌ಗಳಿವೆ. ತಳದಲ್ಲಿ ಕಾಂಗ್ಲೊಮರೇಟ್, ಮರಳುಗಲ್ಲು, ಹಸಿರು ಮತ್ತು ನೇರಳೆ ಶೇಲ್‌ಗಳ ರಬನಪಲ್ಲಿ. ಅದರ ಮೇಲೆ ಶಹಾಬಾದ್ ಸುಣ್ಣದಕಲ್ಲು. ಆಮೇಲೆ ಹಲ್ಕಲ್ ಶೇಲ್, ಕಟಮದೇವರಹಳ್ಳಿ ಸುಣ್ಣದಕಲ್ಲು, ತುದಿಯಲ್ಲಿ ಹರವಾಳ ಶೇಲ್. ನಂತರ ಬಂದ ವರ್ಗೀಕರಣಗಳು ಇದನ್ನೇ ಪೂರ್ತಿಯಾಗಿ ಒಪ್ಪಿಲ್ಲ, ಅದಕ್ಕೆ ಕಾರಣವೂ ಇದೆ. ಎರಡು ಸುಣ್ಣದಕಲ್ಲುಗಳು ಒಂಟಿ ಗಣಿಯಲ್ಲಿ ಕಂಡಾಗ ಬೇರೆ ಬೇರೆಯೆಂದು ಹೇಳುವುದು ಕಷ್ಟ. ನಡುವಿನ ಶೇಲ್ ಕಂಡರೆ ಮಾತ್ರ ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಹೇಳಬಹುದು. ಶೇಲ್ ಒಂದು ದಿಕ್ಕಿನಲ್ಲಿ ತೆಳುವಾಗಿ ಮುಗಿದುಹೋದರೆ, ಅಥವಾ ಸ್ತರಭಂಗದಿಂದ ಒಂದೇ ಸುಣ್ಣದಕಲ್ಲು ಎರಡು ಸಲ ಮೇಲೆ ಬಂದಿದ್ದರೆ? ಇದಕ್ಕೆ ಉತ್ತರ ಅಕ್ಕಪಕ್ಕದ ಗಣಿ, ಬಾವಿ, ಕೊರೆತದ ಕಲ್ಲುಗಂಬ (ಯಂತ್ರದಿಂದ ಆಳಕ್ಕೆ ಕೊರೆದು ತೆಗೆದ ದುಂಡು ಕಲ್ಲು) ಇವುಗಳ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು, ಎಲ್ಲೆಡೆ ಸುಲಭವಾಗಿ ಗುರುತು ಸಿಗುವ ಪದರವೊಂದನ್ನು ಹಿಡಿದು ಜೋಡಿಸುವುದರಲ್ಲಿದೆ. ಸಿಗದಿದ್ದರೆ ನಕ್ಷೆಯಲ್ಲಿ ‘ವಿಂಗಡಿಸದ ಸುಣ್ಣದಕಲ್ಲು’ ಎಂದೇ ಬರೆಯಿರಿ. ಅದರಲ್ಲಿ ಅವಮಾನವೇನೂ ಇಲ್ಲ.

ಶಹಾಬಾದ್ ಸುಣ್ಣದಕಲ್ಲು ಬೂದು, ನೀಲಿ, ಗುಲಾಬಿ, ಕೆನೆ ಬಣ್ಣಗಳಲ್ಲಿ ಸಿಗುತ್ತದೆಂದು ಬಣ್ಣಕ್ಕೊಂದು ಮೆಂಬರ್ ಮಾಡುವ ಆಸೆ ಹುಟ್ಟುತ್ತದೆ. ಬಣ್ಣ ಕೆಲವೊಮ್ಮೆ ಬಹಳ ತಡವಾಗಿ ನೀರು ಇಳಿದು ಕಬ್ಬಿಣ ಉತ್ಕರ್ಷಣಗೊಂಡದ್ದರ ಫಲ. ಗುಲಾಬಿಯ ಗಡಿ ಪದರವನ್ನು ಅಡ್ಡ ಕತ್ತರಿಸುತ್ತಿದ್ದರೆ ಅದು ಮೆಂಬರ್ ಆಗಲಾರದು.

ಹೆಸರಿಡುವುದು

ಹೊಸ ಹೆಸರು ಬೇಕೇ ಎಂಬ ಪ್ರಶ್ನೆಗೆ ಹತ್ತರಲ್ಲಿ ಒಂಬತ್ತು ಸಲ ಉತ್ತರ ಬೇಡ ಎಂದೇ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನದ ವರದಿಯನ್ನು 1876ರಲ್ಲಿ ಪ್ರಕಟಿಸಿದ ಕಾಲದಿಂದ ಈ ಸೀಮೆಗೆ ಹೆಸರುಗಳು ಸೇರುತ್ತಲೇ ಬಂದಿವೆ. ಇರುವ ಘಟಕಕ್ಕೆ ನಿಮ್ಮ ಕಲ್ಲು ಸೇರುವುದಾದರೆ ಇರುವ ಹೆಸರನ್ನೇ ಬಳಸಿ. ನಿಜವಾಗಿ ಬೇಕಾದಾಗ ಮಾತ್ರ ಭಾರತದ ಸ್ತರನಾಮಕರಣ ಸಂಹಿತೆಯನ್ನೂ (1971) ಅಂತಾರಾಷ್ಟ್ರೀಯ ಸ್ತರವಿಜ್ಞಾನ ಕೈಪಿಡಿಯನ್ನೂ (1976, ಪರಿಷ್ಕೃತ 1994) ಎದುರಿಗಿಟ್ಟುಕೊಂಡು ಕೂರಬೇಕು.

ಹೆಸರು ಎರಡು ಭಾಗಗಳದ್ದು: ಒಂದು ಸ್ಥಳನಾಮ, ಒಂದು ಶಿಲೆಯ ಹೆಸರು ಅಥವಾ ಶ್ರೇಣಿ. ಸ್ಥಳ ನಕ್ಷೆಯಲ್ಲಿ ಸಿಗುವಂಥದಾಗಿರಬೇಕು, ಘಟಕ ಚೆನ್ನಾಗಿ ಕಾಣುವ ಜಾಗದ ಹತ್ತಿರದ್ದಾಗಿರಬೇಕು, ಬೇರೆ ಘಟಕಕ್ಕೆ ಈಗಾಗಲೇ ಕೊಟ್ಟದ್ದಾಗಿರಬಾರದು. ಪಕ್ಕದ ಕಲಾದಗಿ ಬೇಸಿನ್‌ನಲ್ಲಿ ಬಾದಾಮಿ, ಕೆರೂರು, ಲೋಕಾಪುರ, ಸಿಮಿಕೇರಿ ಎಲ್ಲ ಆಗಲೇ ಬಳಕೆಯಾಗಿವೆ. ಅಲ್ಲೇ ಬಾದಾಮಿಯ ಗುಹಾಲಯಗಳನ್ನು ಕೊರೆದ ಕೆಂಪು ಮರಳುಗಲ್ಲಿಗೆ ‘ಕೇವ್ ಟೆಂಪಲ್ ಅರೆನೈಟ್’ ಎಂಬ ಹೆಸರಿದೆ. ಊರಿನ ಹೆಸರಿನ ನಿಯಮಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲವಾದರೂ ಕೇಳಿದ ಕೂಡಲೇ ಕಲ್ಲು ಕಣ್ಣಮುಂದೆ ಬರುವ ಇಂಥ ಹೆಸರು ಅಪರೂಪ. ಮಧ್ಯಭಾರತದ ವಿಂಧ್ಯ ಬೇಸಿನ್‌ನಲ್ಲಿ ‘ಲೋವರ್ ಭಾಂಡೇರ್’, ‘ಅಪ್ಪರ್ ಭಾಂಡೇರ್’ ಎಂದು ಇಟ್ಟಂತೆ ಕೆಳಗಿನದು, ಮೇಲಿನದು ಎಂಬ ಪದಗಳಿಂದ ವಿಧ್ಯುಕ್ತ ಹೆಸರು ಕಟ್ಟುವುದನ್ನು ಈಗ ಮೆಚ್ಚುವುದಿಲ್ಲ. ಊರಿನ ಅಧಿಕೃತ ಹೆಸರು ಮುಂದೆ ಬದಲಾದರೂ ಘಟಕದ ಹೆಸರನ್ನು ಬದಲಿಸುವಂತಿಲ್ಲ.

ಹೆಸರಿಗೆ ಆಧಾರವಾಗಿ ಮಾದರಿ ಛೇದವೊಂದನ್ನು, ಅಂದರೆ ಘಟಕದ ತಳ ಮತ್ತು ತುದಿ ಎರಡೂ ಕಾಣುವ ಒಂದು ಜಾಗವನ್ನು ಆರಿಸಿ, ಅಕ್ಷಾಂಶ ರೇಖಾಂಶ ಸಹಿತ ದಾಖಲಿಸಬೇಕು. ಆ ಜಾಗ ಉಳಿಯುವಂಥದಾಗಿರಲಿ. ಫರಸಿ ಗಣಿಯ ಗೋಡೆ ವರ್ಷದಲ್ಲಿ ಮಾಯವಾಗುತ್ತದೆ, ಕೈಬಿಟ್ಟ ಗಣಿಯಲ್ಲಿ ನೀರು ನಿಲ್ಲುತ್ತದೆ; ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ಭಾಗವನ್ನೇ ನುಂಗಿರುವಾಗ ದಂಡೆಯ ಬಂಡೆಗಳ ಪಾಡು ಹೇಳಬೇಕಿಲ್ಲ. ನದಿಯ ಎತ್ತರದ ದಂಡೆಯನ್ನು ಮುಖ್ಯ ಛೇದವಾಗಿಯೂ, ಗಣಿ ಮತ್ತು ಕೊರೆತದ ಕಲ್ಲುಗಂಬವನ್ನು ಪೂರಕವಾಗಿಯೂ ಕೊಡುವುದು ಸುರಕ್ಷಿತ.

ಕೊನೆಯ ಹೆಜ್ಜೆ ಪ್ರಕಟಣೆ. ಪ್ರಬಂಧದಲ್ಲಿ, ಇಲಾಖೆಯ ಒಳವರದಿಯಲ್ಲಿ, ಸಮ್ಮೇಳನದ ಸಾರಾಂಶದಲ್ಲಿ ಬರೆದ ಹೆಸರು ವಿಧ್ಯುಕ್ತವಾಗುವುದಿಲ್ಲ. ಎಲ್ಲರಿಗೂ ಸಿಗುವ ವೈಜ್ಞಾನಿಕ ನಿಯತಕಾಲಿಕೆಯಲ್ಲಿ ಹೊಸ ಘಟಕವನ್ನು ಸ್ಥಾಪಿಸುತ್ತಿರುವುದಾಗಿ ಸ್ಪಷ್ಟವಾಗಿ ಹೇಳಿ, ಹೆಸರಿನ ಮೂಲ, ಶ್ರೇಣಿ, ಮಾದರಿ ಛೇದ, ಶಿಲೆಯ ವಿವರ, ದಪ್ಪ, ಮೇಲುಕೆಳಗಿನ ಗಡಿ, ಹರವು, ಇದುವರೆಗೆ ಅದೇ ಕಲ್ಲಿಗೆ ಇದ್ದ ಹೆಸರುಗಳು ಇಷ್ಟನ್ನೂ ಕೊಡಬೇಕು. ಮಾದರಿ ಕಲ್ಲುಗಳನ್ನು ಚೀಲದಲ್ಲೇ ಬಿಡದೆ, ಘಟಕದ ಸಂಖ್ಯೆ ಮತ್ತು ಛೇದದಲ್ಲಿ ಅವು ಸಿಕ್ಕ ಎತ್ತರವನ್ನು ಬಣ್ಣದಲ್ಲಿ ಕಲ್ಲಿನ ಮೇಲೆಯೇ ಬರೆದು, ವಿಶ್ವವಿದ್ಯಾಲಯದ ವಸ್ತುಸಂಗ್ರಹದಲ್ಲಿ ದಾಖಲೆ ಸಂಖ್ಯೆ ಪಡೆದು ಇರಿಸಿ. ಲೇಖನದಲ್ಲಿ ಆ ಸಂಖ್ಯೆಗಳನ್ನು ನಮೂದಿಸಿ.